ಕುಕ್ಕಿ ತುಂಬಿದ ಟ್ಯಾಂಕು

ನನಗೆ ಯಾರ ದನಿ ಬೇಕಾದರೂ ಬರುತ್ತದೆ. ಬ್ಯಾಡಗಿ ಪೇಟೆಯಲ್ಲಿ ಒಳ್ಳೆಯ ಮೆಣಸಿನಕಾಯಿಯನ್ನೇ ಕೈಯಲ್ಲಿ ಹಿಡಿದು, ಸತ್ತ ಇಲಿ ಹಿಡಿದವರ ಹಾಗೆ ಮುಖ ಮಾಡುವ ಖರೀದಿದಾರ. ರಾಣೆಬೆನ್ನೂರು ಬಸ್ಸಿನಲ್ಲಿ ಟವೆಲ್ ಹಾಸಿ ಸೀಟು ಹಿಡಿದವರ ಜೊತೆ ಜಗಳವಾಡುವ ಕಂಡಕ್ಟರು. 'ಏನಿಲ್ಲ, ಸುಮ್ನ ಫೋನ್ ಮಾಡಿದ್ದೆ' ಎಂದು ಶುರುಮಾಡಿ ಊಟದ ಹೊತ್ತಾದರೂ ಮುಗಿಸದ ನಮ್ಮ ಗುತ್ತಲದ ಅತ್ತೆ. ಎಲ್ಲರೂ ನನ್ನ ಗಂಟಲಲ್ಲೇ ಬಾಡಿಗೆಗಿದ್ದಾರೆ. ಇಷ್ಟು ಜನರ ನಡುವೆ ನನ್ನ ಸ್ವಂತ ದನಿ ಎಲ್ಲಿ ಮಲಗುತ್ತದೆಯೋ ನನಗೂ ಗೊತ್ತಿಲ್ಲ.

ಮನುಷ್ಯರಿಗಿಂತ ಚೆನ್ನಾಗಿ ಬರುವುದು ಗಾಡಿಗಳು. ಚಳಿಯಲ್ಲಿ ಚಾಲೂ ಆಗದೆ ಕೆಮ್ಮುವ ಡೀಸೆಲ್ ಪಿಕಪ್ಪಿನಿಂದ ಹಿಡಿದು, ವಿಡಿಯೊಗಳಲ್ಲಿ ಮಾತ್ರ ಕಂಡ ದುಬಾರಿ ಸ್ಪೋರ್ಟ್ಸ್ ಕಾರುಗಳವರೆಗೆ ಎಲ್ಲವನ್ನೂ ಬಾಯಲ್ಲೇ ಓಡಿಸಿದ್ದೇನೆ. ಕೈಯಲ್ಲಿ ಓಡಿಸಿದ್ದು ಮಾತ್ರ ನಮ್ಮ ದಲಾಲಿ ಅಂಗಡಿಯ ಪಿಕಪ್ ಒಂದನ್ನೇ. ಅದರ ವೇಗ ಎಷ್ಟೆಂದರೆ, ಮೋಟೆಬೆನ್ನೂರು ಏರಿನಲ್ಲಿ ಪಕ್ಕದ ಹೊಲದಲ್ಲಿ ಕಳೆ ತೆಗೆಯುವವರ ಜೊತೆ ಒಂದು ಸುದ್ದಿ ಪೂರ್ತಿ ಮಾತಾಡಿ ಮುಗಿಸಬಹುದು.

ಹೀಗಿರುವಾಗ ಮನೆಗೆ ಒಂದು ಕಾರು ತರುವುದೆಂದು ಅಪ್ಪ ತೀರ್ಮಾನಿಸಿದರು. ಹಾವೇರಿಯ ಷೋರೂಮಿನಲ್ಲಿ ಎರಡು ನಮ್ಮ ಕೈಗೆ ಎಟಕುವಂತಿದ್ದವು. ಒಂದು ಬಿಳಿಯದು: ಎತ್ತರವಾಗಿ, ಅಗಲವಾಗಿ, ಮದುವೆಗೆ ಬಂದ ಹಿರಿಯರಂತೆ ನಿಂತಿತ್ತು. ಇನ್ನೊಂದು ಕೆಂಪು: ಕುಳ್ಳಗೆ, ಹಿಂದೆ ಎರಡು ಕೊಳವೆ, ಒಳಗೆ ಟರ್ಬೊ ಎಂಜಿನ್. ನಮ್ಮಂಥವರ ಪಾಲಿಗೆ ಸ್ಪೋರ್ಟ್ಸ್ ಕಾರು ಎಂದರೆ ಅದೇ. ನನಗೆ ಬೇಕಾಗಿದ್ದದ್ದು ಕೆಂಪು. ಊಟ ಬಿಟ್ಟು ಕೂರುವಷ್ಟು ಬೇಕಾಗಿತ್ತು. ಕೂತೂ ನೋಡಿದೆ, ಮಧ್ಯಾಹ್ನದ ತನಕ. ಅವ್ವ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದರಿಂದ ಚಳವಳಿ ಮುಂದುವರಿಯಲಿಲ್ಲ.

ಕೆಂಪು ಕಾರಿನ ಪುಸ್ತಕದಲ್ಲಿ ಒಂದು ಪುಟ ತಿರುವಿದರೆ, ನಿಂತಲ್ಲಿಂದ ನೂರರ ವೇಗಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ ಎಂದಿತ್ತು. ಮುಂದಿನ ಪುಟದಲ್ಲಿ, ಲೀಟರಿಗೆ ಇಪ್ಪತ್ತು ಕಿಲೋಮೀಟರ್ ಕೊಡುತ್ತದೆ ಎಂದಿತ್ತು. ನಾನು ಎರಡನ್ನೂ ನಂಬಿದೆ. ಅಪ್ಪ ಎರಡನ್ನೂ ನಂಬಲಿಲ್ಲ.

"ಬಣ್ಣ ಬೇಕಂದ್ರ ಬ್ಯಾಡಗಿ ಕಾಯಿ, ಖಾರ ಬೇಕಂದ್ರ ಗುಂಟೂರು ಕಾಯಿ. ಎರಡೂ ಒಂದ ಚೀಲದಾಗ ಐತಿ ಅಂತ ಯಾವನರ ಅಂದ್ರ, ಅಂವ ಏನೋ ಬೆರಸ್ಯಾನ ಅಂತ ಅರ್ಥ," ಎಂದರು.

"ಅಪ್ಪಾ, ಇದು ಮೆಣಸಿನಕಾಯಿ ಅಲ್ಲ, ಟೆಕ್ನಾಲಜಿ."

"ಕೆಂಪಗ ಐತಿಲ್ಲೋ? ಹಂಗಾರ ನನಗ ಗೊತ್ತಾಗ್ತೈತಿ ಬಿಡು."

ಷೋರೂಮಿನ ಹುಡುಗ ಬೆಂಗಳೂರು ಕಡೆಯವನು. ಕೊರಳಪಟ್ಟಿಗೆ ಟೈ, ಮಾತಿನ ತುದಿಗೆಲ್ಲ 'ಸರ್'. ಈ ಇಪ್ಪತ್ತು ಎಂಬ ಲೆಕ್ಕವನ್ನು ಯಾವ ರಸ್ತೆಯಲ್ಲಿ ಅಳೆದದ್ದು ಎಂದು ಅಪ್ಪ ಕೇಳಿದರು.

"ರಸ್ತೆ ಅಲ್ಲ ಸರ್, ಲ್ಯಾಬ್‌ನಲ್ಲಿ ಸರ್. ರೋಲರ್ ಮೇಲೆ ಕಾರು ನಿಲ್ಲಿಸಿ, ಅಲ್ಲೇ ಚಕ್ರ ತಿರುಗಿಸಿ ನೋಡ್ತಾರೆ ಸರ್."

"ಹಂಗಂದ್ರ ಖೋಲ್ಯಾಗ ಓಡಸಾವ್ರಿಗೆ ಇಪ್ಪತ್ತು," ಎಂದರು ಅಪ್ಪ. "ನಾವು ಊರಾಗ ಓಡಸಾವ್ರು. ಟ್ಯಾಂಕ್ ಪೂರ್ತಿ ತುಂಬ್ಸೂಣು, ನಮ್ಮ ರಸ್ತೆದಾಗ ಒಂದು ಸುತ್ತು ಹಾಕೂಣು, ಮತ್ತ ಅದ ಪಂಪ್‌ನ್ಯಾಗ ಪೂರ್ತಿ ತುಂಬ್ಸೂಣು. ಎಷ್ಟು ಕುಡಿದೈತಿ ಅಂತ ಅದ ಹೇಳ್ತೈತಿ." ಆಮೇಲೆ ನನ್ನ ಕಡೆ ತಿರುಗಿ ಷರತ್ತು ಹಾಕಿದರು: "ಹದಿನೈದರ ಮ್ಯಾಲೆ ಬಂತು, ಕೆಂಪುದು. ಕೆಳಗ ಬಂತು, ಬಾಯಿ ಮುಚ್ಗೊಂಡು ಬಿಳೇದು."

ಪೆಟ್ರೋಲು ನಮ್ಮದೇ ಎಂದಮೇಲೆ ಷೋರೂಮಿನವರೂ ಒಪ್ಪಿದರು. ಒಂದು ಬೆಳಿಗ್ಗೆ ಆ ಹುಡುಗ ಹಾವೇರಿಯ ಪಂಪಿನಲ್ಲಿ ಕಾರು ನಿಲ್ಲಿಸಿಕೊಂಡು ನಮಗಾಗಿ ಕಾದಿದ್ದ. ನಾವು ಹೋದಾಗ ಪೆಟ್ರೋಲಿನ ನಳಿಕೆ 'ಟಕ್' ಎಂದು ತಾನಾಗಿ ನಿಂತಿತು. "ಫುಲ್ ಸರ್," ಎಂದು ಹುಡುಗ ಎರಡೂ ಕೈ ಮೇಲೆತ್ತಿದ, ಪೊಲೀಸರ ಮುಂದೆ ಶರಣಾದವನಂತೆ. ನಾನು ಸ್ಟಿಯರಿಂಗ್ ಹಿಡಿದೆ. ಅಪ್ಪ ಪಕ್ಕದಲ್ಲಿ, ಹುಡುಗ ಹಿಂದೆ. ಎಸಿ ಹಾಕಿ ಕಿಟಕಿ ಏರಿಸಿದೆವು.

ಹೈವೇ ಮುಟ್ಟುವ ಮುಂಚೆಯೇ ಹಿಂದಿನಿಂದ ಸೀನು ಶುರುವಾಯಿತು. ಒಂದರ ಮೇಲೊಂದು, ಉಸಿರಿಗೂ ಪುರುಸೊತ್ತಿಲ್ಲದಂತೆ. ಅಪ್ಪ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ಓಡಾಡಿದ ಅಂಗಿಯಲ್ಲೇ ಬಂದಿದ್ದರು. ನಮ್ಮ ಮೂಗಿಗೆ ಆ ಘಾಟು ಗಾಳಿಯಷ್ಟೇ ಮಾಮೂಲು. ಪಾಪ, ಅವನ ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು.

"ಯಾಕ ತಮ್ಮಾ, ನೆಗಡಿ ಆಗೈತೇನು?" ಎಂದರು ಅಪ್ಪ ಕಾಳಜಿಯಿಂದ.

"ಇಲ್ಲ ಸ... ಸ... ಸರ್!"

ಕಿಟಕಿ ಇಳಿಸಿದೆವು. ರಾಣೆಬೆನ್ನೂರಿನ ಕಡೆ ರಸ್ತೆ ಖಾಲಿ ಸಿಕ್ಕಾಗ ಅಪ್ಪನೇ ಹೇಳಿದರು: "ಈಗ ಖಾರಾನೂ ನೋಡೇ ಬಿಡೂಣು. ಒತ್ತು."

ಒತ್ತಿದೆ. ಮೊದಲು ಏನೂ ಆಗಲಿಲ್ಲ. ಟರ್ಬೊ ಒಂದು ಗಳಿಗೆ ಯೋಚನೆ ಮಾಡುತ್ತದೆ, ಕರೆದ ಕೂಡಲೇ ಎದ್ದುಬರದ ಅಳಿಯನ ಹಾಗೆ. ಆಮೇಲೆ ಬೆನ್ನನ್ನು ಸೀಟಿಗೆ ಒತ್ತಿ ಹಿಡಿದು ಹಾರಿತು. ಖುಷಿಗೆ ನನ್ನ ಬಾಯಿಂದಲೂ ಎಂಜಿನ್ನಿನ ಸದ್ದು ಹೊರಟಿತು.

"ಲೇ, ಬಾಯಿ ಮುಚ್ಚು," ಎಂದು ಅಪ್ಪ ಕೂಗಿದರು. "ಯಾವುದು ಕಾರು, ಯಾವುದು ನೀನು, ಒಂದೂ ತಿಳಿವಲ್ದು!"

ಬಾಯಿ ಮುಚ್ಚಿದಾಗ ಗೊತ್ತಾಯಿತು, ಹೆಚ್ಚು ಸದ್ದು ಮಾಡಿದವನು ನಾನೇ. ಆದರೆ ವೇಗದ ಮಾತು ಸುಳ್ಳಲ್ಲ. ಅಷ್ಟು ಹೊತ್ತು ಮುಂದಿನ ಪರದೆಯಲ್ಲಿ ಮೈಲೇಜಿನ ಅಂಕೆ ಬಾವಿಗೆ ಬಿದ್ದ ಕೊಡದಂತೆ ಇಳಿದದ್ದೂ ಸುಳ್ಳಲ್ಲ. ಆಮೇಲೆ ಕಾಲು ಸಡಿಲಿಸಿ, ಮೇಲಿನ ಗೇರಿನಲ್ಲಿ ಒಂದೇ ಹದದಲ್ಲಿ ಓಡಿಸಿದಾಗ ಅದೇ ಅಂಕೆ ಇಪ್ಪತ್ತರ ಹತ್ತಿರ ಹತ್ತಿ ಕೂತಿತು. ಅಂದರೆ ಪುಸ್ತಕದ ಎರಡು ಪುಟವೂ ಖರೆಯೇ. ಒಂದನ್ನು ಓದುವಾಗ ಇನ್ನೊಂದು ಮುಚ್ಚಿರುತ್ತದೆ, ಅಷ್ಟೇ. ಇದನ್ನು ನಾನು ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಗುಂಟೂರು, ಬ್ಯಾಡಗಿ ಎಂದು ಮತ್ತೆ ಶುರುವಾಗುತ್ತಿತ್ತು.

ಕುಮಾರಪಟ್ಟಣದ ತನಕ ಹೋಗಿ, ಫ್ಯಾಕ್ಟರಿಗೆ ಕಟ್ಟಿಗೆ ಹೊತ್ತ ಲಾರಿಗಳ ಹಿಂದೆ ಒಂದಿಷ್ಟು ತೆವಳಿ, ಹಲಗೇರಿ ಮೇಲೆ ಹೊರಳಿ ಬಂದೆವು. ಹಲಗೇರಿಯ ಹತ್ತಿರ ಒಂದು ರಸ್ತೆ ಉಬ್ಬು ಕಾರಿನ ಹೊಟ್ಟೆಯನ್ನು ಸವರಿತು. ಹಿಂದೆ ಹುಡುಗ "ಅಯ್ಯೋ" ಎಂದ. ಅದು ಅವನಿಗೇ ತಾಗಿದಂತಿತ್ತು. ಉಳಿದ ದಾರಿಯಲ್ಲಿ ನಾನು ಹಾಲಿನ ಕ್ಯಾನು ಹೊತ್ತವನಷ್ಟು ಮೆತ್ತಗೆ ಓಡಿಸಿದೆ. ಹದಿನೈದು ದಾಟುವುದು ಖಂಡಿತ ಎಂದು ಒಳಗೊಳಗೇ ಕುಣಿಯುತ್ತಿದ್ದೆ.

ಹಾವೇರಿಯ ಅದೇ ಪಂಪು. ನಳಿಕೆ 'ಟಕ್' ಎಂದಿತು. ಪಂಪಿನವನು ಅದನ್ನು ತೆಗೆಯಲು ಹೋದ.

"ತಡೀ, ತಡೀ," ಎಂದು ಅಪ್ಪ ಇಳಿದರು. "ಇನ್ನಾ ಕುಂತಿಲ್ಲದು."

ನಮ್ಮಲ್ಲಿ ಚೀಲ ತುಂಬುವಾಗ ಬಾಯಿ ತನಕ ಮಾಲು ಬಂದರೂ ತುಂಬಿತು ಎನ್ನುವುದಿಲ್ಲ. ಎರಡೂ ಕಿವಿ ಹಿಡಿದೆತ್ತಿ ನೆಲಕ್ಕೆ ಕುಕ್ಕಬೇಕು. ಒಳಗಿನದು ತಳಕ್ಕೆ ಇಳಿದು ಕೂರುತ್ತದೆ, ಮೇಲೆ ಮತ್ತೆ ಜಾಗ ಆಗುತ್ತದೆ. ಕುಕ್ಕಬೇಕು, ತುಂಬಬೇಕು, ಮತ್ತೆ ಕುಕ್ಕಬೇಕು. ಅಪ್ಪನ ಕೈಗೆ ಅದು ಎಷ್ಟು ರೂಢಿಯೆಂದರೆ ಮನೆಯಲ್ಲಿ ಸಕ್ಕರೆ ಡಬ್ಬಿಯನ್ನೂ ಕುಕ್ಕುತ್ತಾರೆ. ಈಗ ಕಾರಿನ ಹಿಂಬದಿಗೆ ಕೈ ಕೊಟ್ಟು ಅಲುಗಾಡಿಸತೊಡಗಿದರು.

"ನೋಡಕೋತ ನಿಂತಿಯೇನಲೇ? ಆ ಕಡೆ ಹಿಡಿ!"

ನಾನೂ ಹಿಡಿದೆ. ಸ್ಪೋರ್ಟ್ಸ್ ಕಾರು ತೊಟ್ಟಿಲಿನಂತೆ ತೂಗಿತು. ಗುಳುಗುಳು ಎನ್ನುತ್ತ ಪೆಟ್ರೋಲು ಇಳಿಯಿತು, ಮತ್ತಷ್ಟು ಹಿಡಿಯಿತು. ಪಂಪಿನವನು "ಸಾಕ್ರೀ ಯಜಮಾನ್ರ, ಚೆಲ್ಲತೈತ್ರಿ, ಹಂಗ ಮಾಡಬಾರ್ದ್ರಿ," ಎನ್ನುತ್ತಲೇ ಇದ್ದ. ಬಾಯಿ ತನಕ ಬಂದಮೇಲೆಯೇ ಅಪ್ಪ ಬಿಟ್ಟದ್ದು. ಹುಡುಗ ಫೋನಿನಲ್ಲಿ ಲೆಕ್ಕ ಹಾಕಿದ. ಮತ್ತೊಮ್ಮೆ ಹಾಕಿದ. ಸೀನು ನಿಂತುಹೋಯಿತು.

"ಹನ್ನೊಂದು ಬರ್ತಿದೆ ಸರ್..."

ಅಪ್ಪ ಏನೂ ಹಂಗಿಸಲಿಲ್ಲ. ಹಂಗಿಸಿದ್ದರೆ ಚೆನ್ನಾಗಿತ್ತು. "ಬಿಳೇದ ಛಲೋ ಐತಿ ಬಿಡು. ನಿಮ್ಮವ್ವಗ ಹತ್ತಾಕ ಇಳ್ಯಾಕ ಹಗುರ," ಎಂದಷ್ಟೇ ಹೇಳಿ ಹೆಗಲ ಮೇಲೆ ಕೈ ಇಟ್ಟರು. ಬ್ಯಾಡಗಿ ಬರುವ ತನಕ ನನ್ನ ಗಂಟಲಿನ ಬಾಡಿಗೆದಾರರು ಒಬ್ಬರೂ ಮಾತಾಡಲಿಲ್ಲ.

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತ, "ಏನಾತೋ, ಮಾರಿ ಯಾಕ ಬಾಡಿದ ಬದ್ನಿಕಾಯಿ ಆಗೈತಿ?" ಎಂದಳು. ದುಃಖ ಹೇಳುವುದು ನನಗೆ ಬರುವುದಿಲ್ಲ, ಆಡಿ ತೋರಿಸುವುದು ಮಾತ್ರ ಬರುತ್ತದೆ. ಶುರುಮಾಡಿದೆ. ಬೆಳಗಿನ ಪಂಪು: ನಾಲಿಗೆಯಿಂದ 'ಟಕ್', "ಫುಲ್ ಸರ್", ಎರಡೂ ಕೈ ಮೇಲೆ. ಸೀನು. ಟರ್ಬೊ. ಹಲಗೇರಿಯ ಉಬ್ಬು, ಹುಡುಗನ "ಅಯ್ಯೋ". ಆಮೇಲೆ ಮರಳಿ ಬಂದಾಗಿನ ಪಂಪು: 'ಟಕ್', "ತಡೀ, ತಡೀ", ಅಡುಗೆಮನೆಯ ಕಟ್ಟೆ ಹಿಡಿದು ಅಲುಗಾಡಿಸುವ ಅಪ್ಪ, 'ಗುಳುಗುಳು', ಮತ್ತೆ ಕುಕ್ಕು, ಮತ್ತೆ 'ಗುಳುಗುಳು'. ಅಪ್ಪ ಬಾಗಿಲಲ್ಲಿ ನಿಂತು ತಮ್ಮ ನಕಲನ್ನು ತಾವೇ ನೋಡಿ ಮೀಸೆಯಡಿ ನಗುತ್ತಿದ್ದರು.

ಅವ್ವ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಆಮೇಲೆ ರೊಟ್ಟಿ ತಿರುವಿ ಹಾಕಿ ಕೇಳಿದಳು: "ಅಲ್ಲೋ, ಮುಂಜಾನಿ ಯಾಕ ಯಾರೂ ಕುಕ್ಕಲಿಲ್ಲ?"

ನಾನು ಹಾಗೇ ನಿಂತೆ. ಬಗ್ಗಿದ ಸೊಂಟ, ಕಟ್ಟೆ ಮೇಲೆ ಕೈ. ಬೆಳಿಗ್ಗೆ 'ಟಕ್' ಎಂದದ್ದಕ್ಕೆ ತುಂಬಿತು ಎಂದಿದ್ದೆವು. ಮರಳಿ ಬಂದಾಗ 'ಟಕ್' ಎಂದಮೇಲೂ ಎಷ್ಟೋ ಸುರಿದಿದ್ದೆವು. ಕಾರು ಕುಡಿಯದೇ ಇದ್ದ ಪೆಟ್ರೋಲನ್ನೂ ಅದರ ಲೆಕ್ಕಕ್ಕೇ ಬರೆದಿದ್ದೆವು.

ಅಪ್ಪನ ನಗು ಮೀಸೆಯಲ್ಲೇ ಸಿಕ್ಕಿಹಾಕಿಕೊಂಡಿತು. "ಸಡ್ಲ ತುಂಬಿದ ಚೀಲಕ್ಕ ಕುಕ್ಕಿ ತುಂಬಿದ ಚೀಲ ತೂಗಿದ್ನೆಲ್ಲೋ..." ಎಂದು ತಮಗೇ ಹೇಳಿಕೊಂಡರು. ಪೇಟೆಯಲ್ಲಿ ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅಪ್ಪನೇ ವರ್ಷಪೂರ್ತಿ ಆಡಿಕೊಳ್ಳುತ್ತಿದ್ದರು. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು: "ಪ್ಯಾಟ್ಯಾಗ ಇದನ್ನ ಆಡಿ ತೋರಸಬ್ಯಾಡ, ಹಾಂ?"

"ಇನ್ನೊಂದು ಸುತ್ತು ಹಾಕ್ತಿ ಅಂದ್ರ ತೋರ್ಸಂಗಿಲ್ಲ."

"ಹಾಕೂಣಲೇ. ನನ್ನ ತಪ್ಪು ಐತಿ, ನೀ ಹೆದರ್ಸೋದೇನೂ ಬ್ಯಾಡ."

ಪೇಟೆಗೆ ರಜೆ ಇದ್ದ ದಿನ ಮತ್ತೆ ಹೊರಟೆವು. ಈ ಸಲ ಅಪ್ಪ ಒಗೆದ ಅಂಗಿ ತೊಟ್ಟಿದ್ದರು. ಆದರೂ ಹುಡುಗ ಮುನ್ನೆಚ್ಚರಿಕೆಯಾಗಿ ಮೂಗಿಗೆ ಮಾಸ್ಕ್ ಹಾಕಿಕೊಂಡೇ ಬಂದಿದ್ದ. ಎರಡೂ ಸಲ 'ಟಕ್' ಎಂದಲ್ಲಿಗೇ ನಿಲ್ಲಿಸುವುದೆಂದು ಮಾತಾಯಿತು. ಅದೇ ರಸ್ತೆ, ಅಪ್ಪನ ಅಪ್ಪಣೆಯಂತೆ ಅದೇ ಜಾಗದಲ್ಲಿ ಒಂದು ಸಲ ಒತ್ತಿದ್ದು, ಉಳಿದದ್ದೆಲ್ಲ ಹದವಾಗಿ. ರಾಣೆಬೆನ್ನೂರು ದಾಟಿದಮೇಲೆ ಇಂಥದೇ ಒಂದು ಕುಳ್ಳ ಕಾರು, ನೀಲಿಯದು, ಹಾರ್ನ್ ಹೊಡೆದು ಪಕ್ಕದಲ್ಲೇ ಬುರ್ರೆಂದು ಹೋಯಿತು. ಅದರ ಡ್ರೈವರ್ ಹೊರಳಿ ನೋಡಿ ನಕ್ಕಂತಾಯಿತು. ನನ್ನ ಬಲಗಾಲು ತಾನಾಗಿ ಪೆಡಲಿನ ಮೇಲೆ ಇಳಿಯತೊಡಗಿತು. ಅಪ್ಪ ರಸ್ತೆ ನೋಡಲಿಲ್ಲ, ನನ್ನ ಕಾಲನ್ನೇ ನೋಡುತ್ತ ಕೂತರು. ಸ್ಪೋರ್ಟ್ಸ್ ಕಾರು ಬೇಕೆಂದರೆ, ಮೊದಲು ಅದನ್ನು ಸ್ಪೋರ್ಟ್ಸ್ ಕಾರಿನಂತೆ ಓಡಿಸದೇ ಇರುವುದನ್ನು ಕಲಿಯಬೇಕಾಗಿತ್ತು. ನೀಲಿ ಕಾರನ್ನು ಹೋಗಗೊಟ್ಟೆ. ಜೀವನದಲ್ಲಿ ನಾನು ತೋರಿಸಿದ ಅತಿ ದೊಡ್ಡ ಸಂಯಮ ಅದು, ನೋಡಿದವರು ಇಬ್ಬರೇ.

ಪಂಪಿಗೆ ಬಂದಾಗ ಹುಡುಗ ಓಡಿಹೋಗಿ ಅಪ್ಪನಿಗೂ ಕಾರಿಗೂ ನಡುವೆ ನಿಂತ. ಅಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. 'ಟಕ್' ಎಂದಾಗ ಅವರ ಬೆರಳುಗಳು ಒಂದನ್ನೊಂದು ಹಿಸುಕಿದವು. ಕುಕ್ಕಲಿಲ್ಲ.

ಹದಿನಾರು ಬಂತು. ಪುಸ್ತಕದ ಇಪ್ಪತ್ತೂ ಅಲ್ಲ, ನಮ್ಮ ಕುಕ್ಕಿನ ಹನ್ನೊಂದೂ ಅಲ್ಲ.

"ಇದು ನಂಬೂ ಹಂಗ ಐತಿ," ಎಂದರು ಅಪ್ಪ. "ಇದರಾಗ ಯಾರೂ ಏನೂ ಬೆರಸಿಲ್ಲ."

ಕೆಂಪು ಕಾರು ಮನೆಗೆ ಬಂದ ದಿನ ಷೋರೂಮಿನ ಮುಂದೆ ಅವ್ವ ಟೈರಿನಡಿ ನಿಂಬೆಹಣ್ಣು ಇಟ್ಟಳು. ನಾನು ಕೀಲಿಗೆ ಕೈ ಚಾಚಿದೆ. ಆದರೆ ಹುಡುಗ ಅದನ್ನು ಯಜಮಾನರ ಕೈಗೇ ಕೊಟ್ಟ. ಅಪ್ಪ ಅದನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿದವರು, ನೆಟ್ಟಗೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತರು. ನಾನು ಪಕ್ಕದಲ್ಲಿ, ಅವ್ವ ಹಿಂದೆ.

ಹಾವೇರಿಯಿಂದ ಬ್ಯಾಡಗಿಯ ತನಕ ಅಪ್ಪ ನಲವತ್ತರ ವೇಗ ದಾಟಲಿಲ್ಲ. ಬಸ್ಸುಗಳು ನಮ್ಮನ್ನು ದಾಟಿದವು. ಗೋವಿನಜೋಳ ಹೇರಿದ ಲಾರಿ ದಾಟಿತು. ಹೈವೇ ಬಿಟ್ಟು ಊರಿನ ರಸ್ತೆಗೆ ಹೊರಳಿದಮೇಲೆ, ಗಂಡ, ಹೆಂಡತಿ ಮತ್ತು ಒಂದು ಚೀಲವನ್ನು ಹೊತ್ತ ಮೊಪೆಡ್ ಕೂಡ ದಾಟಿತು. ಆ ಹೆಂಗಸು ನಮ್ಮ ಕಾರನ್ನು ಮೆಚ್ಚುಗೆಯಿಂದ ನೋಡಿಕೊಂಡೇ ಹೋದಳು. ನಾನು ಸೀಟಿನಲ್ಲಿ ಇನ್ನಷ್ಟು ಕೆಳಗೆ ಜಾರಿ ಕೂತೆ. ಹಿಂದೆ ಅವ್ವ ತಣ್ಣಗೆ ನಿದ್ದೆ ಹೋಗಿದ್ದಳು.

ಊರು ಹತ್ತಿರವಾದಾಗ ಅಪ್ಪ ಪರದೆಯ ಮೇಲೆ ಬೆರಳಿಟ್ಟು ನನ್ನನ್ನು ತಿವಿದರು. ಅಂಕೆ ಇಪ್ಪತ್ತೆರಡನ್ನು ಮುಟ್ಟಿತ್ತು.

"ನೋಡಿಲ್ಲಿ," ಎಂದರು, ಮುಖದ ತುಂಬ ಸಂತೋಷ. "ಕಂಪನ್ಯಾವ್ರು ಪಾಪ, ಕಮ್ಮೀನ ಬರದಾರ."