ಹಿತ್ತಿಲಿಗೆ ಬಂದ ಕಳೆ

ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಕಟ್ಟಿದವರು ಈ ಪರಿಸರ ವಿಜ್ಞಾನದ ಮೇಡಂ ಅವರನ್ನು ನೋಡಿರಲಿಲ್ಲ, ಬಿಡಿ. ಕಾಲೇಜಿನ ಪ್ರಯೋಗಾಲಯದ ಹಿಂದೆ ಮುರಿದ ಬೆಂಚು ಎಸೆಯುತ್ತಿದ್ದ ತುಂಡು ಜಾಗವನ್ನು ಕುಡುಗೋಲು ತಾಗಿಸದೆ ಉಳಿಸಿಕೊಂಡು, ಮಕ್ಕಳನ್ನು ಅಲ್ಲೇ ಕುಕ್ಕರಗಾಲಲ್ಲಿ ಕೂರಿಸಿ ಪಾಠ ಮಾಡುತ್ತಿದ್ದರು. ಯಾವ ಹೂವಿಗೆ ಯಾವ ದುಂಬಿ ಬಂತು, ಮುಂಭಾಗದ ಕತ್ತರಿಸಿದ ಹುಲ್ಲಿಗೆ ಯಾಕೆ ಬರಲಿಲ್ಲ, ಹೀಗೆ. ಹುಡುಗರು ಇಟ್ಟ ಹೆಸರು 'ಕಳೆ ಮೇಡಂ'. ಅತ್ತೆಯಂತೂ, "ಮನೆ ಹಿತ್ತಿಲು ಗುಡಿಸೋಕೆ ಪುರುಸೊತ್ತಿಲ್ಲ, ಊರ ಕಳೆಗೆಲ್ಲ ಇವಳೇ ಕಾವಲು" ಅಂತ ಕೇಳಿಸುವಂತೆಯೇ ಗೊಣಗುತ್ತಿದ್ದರು. ಮೇಡಂ ಎದುರಾಡುತ್ತಿರಲಿಲ್ಲ, ಅತ್ತೆ ಹೇಳಿದ್ದು ನಿಜವೇ ಆಗಿತ್ತು.

ಕಾಲೇಜಿಗೆ ಪಾಠ ಮಾಡಲು ಅನುಮತಿ ಇತ್ತು, ಸಂಶೋಧನೆಗೆ ಇರಲಿಲ್ಲ. ಪಿಎಚ್‌ಡಿ ಬೇಕೆಂದವರು ದೂರದ ಊರಿಗೆ ಹೋಗಬೇಕು. ಎಂ.ಎಸ್ಸಿ. ಮುಗಿಸಿದ ಒಬ್ಬ ವಿದ್ಯಾರ್ಥಿನಿ ಹಾಸಿಗೆ ಹಿಡಿದ ಅಮ್ಮನನ್ನು ಬಿಟ್ಟು ಕದಲುವಂತಿರಲಿಲ್ಲ. ಈ ಸಲ ಅನುಮತಿಗಾಗಿ ನೋಡಲು ಬರುವ ವಿಶ್ವವಿದ್ಯಾಲಯದ ಪರಿಶೀಲನಾ ತಂಡ ಒಪ್ಪದಿದ್ದರೆ ವಿಮಾ ಕಚೇರಿಗೆ ಸೇರುತ್ತೇನೆ ಅಂದಿದ್ದಳು. ಅಷ್ಟು ಚೂಟಿ ಹುಡುಗಿ ಕೈತಪ್ಪಿ ಹೋಗುತ್ತಾಳಲ್ಲ ಅನ್ನುವ ಸಂಕಟ ಮೇಡಂ ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಸರಿಯಾಗಿ ಅದೇ ಹೊತ್ತಿಗೆ ಅವರಿಗೆ ಬೇರೆ ಊರಲ್ಲಿ ಉತ್ತರಪತ್ರಿಕೆ ತಿದ್ದುವ ಕೆಲಸ ಬಿತ್ತು. ಮರಳಿ ಬಂದದ್ದು ತಂಡ ಬರುವ ದಿನದ ಬೆಳಿಗ್ಗೆ. ಗೇಟಿನಲ್ಲೇ ಗುಮಾಸ್ತ ಸುದ್ದಿ ಕೊಟ್ಟ: "ಮೇಡಂ, ಪ್ರಿನ್ಸಿಪಾಲರು ಮಾಲಿಗೆ ಹೇಳಿ ನಿಮ್ಮ ಹಿತ್ತಿಲು ಸರಿ ಮಾಡಿಸಿದ್ದಾರೆ."

ಕುಡುಗೋಲು ಆಡಿಸಿಯೇಬಿಟ್ಟರಾ! ಬ್ಯಾಗನ್ನು ಅಲ್ಲೇ ಬಿಟ್ಟು ಓಡಿದರು.

ಹಿತ್ತಿಲು ಹಾಗೇ ಇತ್ತು. ಹಾಗೇ ಏನು ಬಂತು, ಮುಂಭಾಗದಲ್ಲಿ ಕಿತ್ತ ಕಳೆಯೆಲ್ಲ ಇಲ್ಲಿ ಅಂಚಿನುದ್ದಕ್ಕೂ ಸಾಲಾಗಿ ನಿಂತಿತ್ತು. ಮಾಲಿ ಅದಕ್ಕೆ ನೀರು ಹಾಕುತ್ತಿದ್ದ.

"ಏನಣ್ಣ ಇದು?"

"ಸಾಹೇಬರೇ ಹೇಳಿದ್ದು ಮೇಡಂ. ಹಿಂದಿನ ಜಾಗಕ್ಕೂ ಒಂದಿಷ್ಟು ಕಳೆ ಬರಬೇಕಪ್ಪ ಅಂದ್ರು. ಇರೋದು ಸಾಲಲ್ವೇನೋ ಅಂತ ಇನ್ನಷ್ಟು ತಂದು ನೆಟ್ಟೆ."

ಸಾಹೇಬರು ಕೇಳಿದ್ದು ಲಕ್ಷಣ, ಸಿಕ್ಕಿದ್ದು ಗಿಡ. ಕಳೆ ಅಂದರೆ ಚಿನ್ನ ಅಂತ ಇಷ್ಟು ವರ್ಷ ಅವನ ತಲೆಗೆ ತುಂಬಿದವರು ಇವರೇ ತಾನೇ? ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ತಂಡ ಬಂದಾಗ ಪ್ರಿನ್ಸಿಪಾಲರು ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. "ಈ ಪೊದೆಯಲ್ಲಿ ಎಂಥ ಸಂಶೋಧನೆ?" ಅಂದರು ತಂಡದ ಹಿರಿಯರು. ಬೇರೆಯವರಾಗಿದ್ದರೆ ಉದ್ದನೆಯ ಭಾಷಣ ಬಿಗಿಯುತ್ತಿದ್ದರು. ಮೇಡಂ ತಾವು ಹಿಂದೆ ಸರಿದು, ತಂಡ ಬರುತ್ತದೆಂದು ಬಂದಿದ್ದ ಆ ಹುಡುಗಿಯನ್ನು ಮುಂದೆ ಬಿಟ್ಟರು. ಅದಕ್ಕೂ ದೊಡ್ಡ ಮನಸ್ಸು ಬೇಕು. ಹುಡುಗಿ ಮೊದಲು ಬಾಡಿದ ಸಾಲನ್ನು ತೋರಿಸಿ, "ಇವು ನಿನ್ನೆ ನೆಟ್ಟವು ಸರ್, ಲೆಕ್ಕಕ್ಕಿಲ್ಲ" ಅಂದಳು. ಆಮೇಲೆ ನೆಲದಲ್ಲಿ ಕೂತು, ಹಳದಿ ಹೂವಿಗೆ ಇಳಿದ ಪುಟ್ಟ ಜೇನಿನ ಕಥೆ ಶುರುಮಾಡಿದಳು. ಹಿರಿಯರೂ ಇಸ್ತ್ರಿ ಪ್ಯಾಂಟಿನ ಆಸೆ ಬಿಟ್ಟು ಪಕ್ಕದಲ್ಲಿ ಕೂತರು. ಊಟದ ಹೊತ್ತು ಮೀರಿದರೂ ಏಳಲಿಲ್ಲ.

ಅನುಮತಿ ಬಂತು. ಅದಾದ ಮೇಲೊಂದು ದಿನ ಮಾಲಿ ಮುಖ ಸಣ್ಣದು ಮಾಡಿಕೊಂಡು ಬಂದ.

"ತಪ್ಪಾಯ್ತು ಮೇಡಂ. ಸಾಹೇಬರು ಕೇಳಿದ್ದು ಗಿಡ ಅಲ್ವಂತೆ, ಬೇರೆ ಕಳೆಯಂತೆ."

ಹಿತ್ತಿಲಲ್ಲಿ ಆ ಹುಡುಗಿ, ಕಾಲೇಜಿನ ಮೊದಲ ಸಂಶೋಧನಾ ವಿದ್ಯಾರ್ಥಿನಿ, ಕುಕ್ಕರಗಾಲಲ್ಲಿ ಕೂತು ಕಿರಿಯರಿಗೆ ಏನನ್ನೋ ತೋರಿಸುತ್ತಿದ್ದಳು. ಮೇಡಂ ಅವಳ ಮುಖದ ಕಡೆ ಕೈಮಾಡಿದರು.

"ಅದೂ ಬಂತು, ನೋಡಣ್ಣ."