ಬಾಡಿಗೆ ದಂಡಿಗೆ ಊಟ ಹಾಕಿದವನು

ಆಸ್ಪತ್ರೆಯ ಅಡುಗೆಮನೆಯ ಉಗ್ರಾಣವನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ಳುತ್ತಿದ್ದ ಆ ಮನುಷ್ಯನನ್ನು ಎಲ್ಲರೂ ತಕ್ಕಡಿ ಎಂದೇ ಕರೆಯುತ್ತಿದ್ದರು. ಮುನ್ನೂರು ರೋಗಿಗಳಿಗೆ ನಾಳೆ ಎಷ್ಟು ಬೇಳೆ ಬೇಕು ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಿದ್ದ. ಆದರೆ ಭಾನುವಾರ ಬೆಳಿಗ್ಗೆ ದರ್ಜಿಯ ಅಂಗಡಿಯಲ್ಲಿ ನಡೆಯುವ ಯುದ್ಧದಾಟದಲ್ಲಿ ಅವನಷ್ಟು ದಡ್ಡ ಇನ್ನೊಬ್ಬನಿರಲಿಲ್ಲ.

ಬಟ್ಟೆ ಕತ್ತರಿಸುವ ಉದ್ದನೆಯ ಮೇಜೇ ರಣರಂಗ. ಮಡಿಸಿಟ್ಟ ಪ್ಯಾಂಟಿನ ಬಟ್ಟೆ ಬೆಟ್ಟ, ನೀಲಿ ಲೈನಿಂಗ್ ನದಿ. ಬೆರಳುದ್ದದ ಸೀಸದ ಸೈನಿಕರ ಒಂದೊಂದು ಗುಂಪೂ ಒಂದು ಬಾಡಿಗೆ ದಂಡು. ಯಾರು ಕರೆದರೆ ಅವರ ಪರ ಕಾದಾಡುವುದು ಅವರ ಕಸುಬು. ದಾಳ ಉರುಳಿಸು, ನುಗ್ಗು. ಅರ್ಧ ಗಂಟೆಯಲ್ಲಿ ತಕ್ಕಡಿಯ ಕಡೆಯವರೆಲ್ಲ ಮಕಾಡೆ. ಗೆಲ್ಲುವವನು ಯಾವಾಗಲೂ ಅವನ ಹೆಂಡತಿಯ ತಮ್ಮ, ಬಸ್ ಡ್ರೈವರ್.

"ಏನ್ ಭಾವ, ನಿಮ್ಮೋರು ಯುದ್ಧಕ್ಕೆ ಬಂದಿದ್ರೋ, ಮಲಗೋಕೆ ಬಂದಿದ್ರೋ?"

ಕೊನೆಗೊಂದು ದಿನ ತಕ್ಕಡಿ ಸಿಡಿದ. ಅಷ್ಟು ದೂರ ನಡೆದು ಬಂದವರಿಗೆ ಯಾರೂ ಒಂದು ತುತ್ತು ಹಾಕುವುದಿಲ್ಲ, ಇದೆಂಥ ಯುದ್ಧ! ಕೂತು ಒಂದು ಹಾಳೆ ತುಂಬ ನಿಯಮ ಬರೆದ. ಅಂಗಿಯ ಗುಂಡಿ ಒಂದೆಂದರೆ ಒಂದು ಮೂಟೆ ದಿನಸಿ. ಪ್ರತಿ ಸುತ್ತಿಗೂ ದಂಡಿಗೊಂದು ಗುಂಡಿ. ಸಿಗದ ದಂಡು ದಿನಸಿ ಇದ್ದವನ ಕಡೆ ಸೇರುತ್ತದೆ. ಯಾರ ಬಳಿಯೂ ಇಲ್ಲವೋ, ಮನೆಗೆ ಹೋಗುತ್ತದೆ.

"ಒಂದು ಸಲ ನೋಡೋಣ," ಎಂದ ದರ್ಜಿ. ಮೇಜು ಅವನದು, ತೀರ್ಪೂ ಅವನದೇ. "ಆಟ ಕೆಡ್ತೋ, ಹಾಳೆ ಹರಿದು ಕಸಕ್ಕೆ."

ಹರಿದರೆ ತಕ್ಕಡಿ ಮತ್ತೆ ನಗೆಪಾಟಲು. ಆ ಮೇಜಿನ ಮೇಲೆ ಅವನಿಗೆ ಬರುತ್ತಿದ್ದ ವಿದ್ಯೆ ಈ ದಿನಸಿ ಲೆಕ್ಕವೊಂದೇ.

ಭಾನುವಾರ ಅವನು ಮೂರು ದಂಡು ಹೊರಡಿಸಿದ. ಬೆಟ್ಟ ದಾಟಿ ಭಾಮೈದನ ಬೆನ್ನಿಗೆ ಬೀಳುವ ಉಪಾಯ. ಹನ್ನೆರಡು ಗುಂಡಿ ಹೊತ್ತ ಆರು ಬೆಂಕಿಪೊಟ್ಟಣಗಳು ಹಿಂದೆ ಸಾಲಾಗಿ, ಅವು ಹೇಸರಗತ್ತೆಗಳು. ದಾರಿ ಮೂರು ಸುತ್ತು, ದಿನಸಿ ನಾಲ್ಕಕ್ಕಾಗುವಷ್ಟು. ತಕ್ಕಡಿ ಮೀಸೆಯಲ್ಲೇ ನಕ್ಕ.

ಮೊದಲ ಸುತ್ತು ಮುಗಿಯುತ್ತಲೇ ಭಾಮೈದ ಹಾಳೆ ಎತ್ತಿಕೊಂಡ. "ಬಾಯಿದ್ದದ್ದೆಲ್ಲ ತಿನ್ನಬೇಕು, ಎರಡು ಪ್ರಾಣಿಗೆ ಒಂದು ಗುಂಡಿ. ನಿಮ್ಮದೇ ಅಕ್ಷರ. ಕತ್ತೆಗಳ ಬಾಯಿ ಹೊಲಿಸ್ಕೊಂಡು ಬಂದ್ರಾ ಭಾವ?"

ತಕ್ಕಡಿಯ ಮುಖ ಕಪ್ಪಿಟ್ಟಿತು. ಆ ಸಾಲು ಬರೆದದ್ದು ಪ್ರತಿ ವಾರ ತನ್ನನ್ನು ತುಳಿಯುತ್ತಿದ್ದ ಭಾಮೈದನ ಕುದುರೆಗಳ ಸೊಕ್ಕು ಮುರಿಯಲು. ಆ ಘಾಟಿ ಇವತ್ತು ಕುದುರೆಗಳನ್ನೇ ತಂದಿರಲಿಲ್ಲ. ತಕ್ಕಡಿ ಜೀವಮಾನವಿಡೀ ಮೂಟೆ ಸಾಗಿಸಿದ್ದು ಕೈಗಾಡಿಯಲ್ಲಿ. ಕೈಗಾಡಿ ಏನೂ ತಿನ್ನುವುದಿಲ್ಲ.

ದರ್ಜಿಗೆ ಪಾಪ ಅನ್ನಿಸಿತು. "ಹೋಗ್ಲಿ ಬಿಡಪ್ಪ, ಹುಲ್ಲು ಮೇಯ್ಕೊಳ್ತವೆ."

"ಯಾವ ಹುಲ್ಲು?" ತಕ್ಕಡಿ ಮೇಜು ಗುದ್ದಿದ. "ಪ್ಯಾಂಟ್ ಬಟ್ಟೆ ಮೇಲೆ ಹುಲ್ಲು ಬೆಳೆಯತ್ತೇನಯ್ಯಾ? ನಿನ್ನ ಭಿಕ್ಷೆ ಬೇಡ. ಬರೆದಿದ್ದೀನಿ ಅಂದ್ರೆ ಬರೆದಿದ್ದೀನಿ!"

ಸುತ್ತಿಗೆ ಆರರಂತೆ ತನ್ನ ಗುಂಡಿಗಳನ್ನು ತಾನೇ ಎತ್ತಿಹಾಕಿದ. ಮೂರನೆಯ ಸುತ್ತಿಗೆ ಬೆಟ್ಟದ ನೆತ್ತಿಯಲ್ಲಿ ಅವನ ಕೈ ಬರಿದು. ದಂಡುಗಳೂ ಕತ್ತೆಗಳೂ ಇಳಿದು ಭಾಮೈದನ ಕಡೆ ಸೇರಿದವು.

"ಬನ್ನಿ ಬನ್ನಿ, ಎಲ್ಲಾರೂ ಬನ್ನಿ!" ಭಾಮೈದ ಮದುವೆಮನೆ ಯಜಮಾನನ ಹಾಗೆ ಕೈ ಬೀಸಿದ. "ಮುಗೀತು ಭಾವ, ನಿಮ್ಮ ಕಥೆ."

ದರ್ಜಿ ಅವನ ಮುಂದೆ ಅಂಗೈ ಚಾಚಿದ. "ನಿನ್ನವೆರಡು, ಬಂದವು ಮೂರು, ಒಟ್ಟು ಐದು ದಂಡು, ಆರು ಕತ್ತೆ. ಎಂಟು ಗುಂಡಿ ಇಡು."

ಭಾಮೈದನ ಬಳಿ ಇದ್ದದ್ದು ಆರು. ದಂಡುಗಳಿಗೆ ಐದು, ಎರಡು ಕತ್ತೆಗೆ ಒಂದು. ಉಳಿದ ಕತ್ತೆಗಳು ಮನೆದಾರಿ ಹಿಡಿದವು. ಮುಂದಿನ ಸುತ್ತಿಗೆ ಡಬ್ಬಿ ತಳ ಕಂಡಿತು. ಭಾಮೈದ ಜೇಬು ತಡಕಿದ, ಕೊನೆಗೆ ತನ್ನ ಅಂಗಿಯ ಗುಂಡಿಗೇ ಕೈ ಹಾಕಿದ. ದರ್ಜಿ ಆ ಕೈಗೆ ಅಳತೆಪಟ್ಟಿಯಿಂದ ಒಂದು ಬಾರಿಸಿದ. ಐದು ದಂಡೂ ಮೇಜಿನಿಂದ ಇಳಿದವು. ಒಂದು ಹನಿ ರಕ್ತ ಬಿದ್ದಿರಲಿಲ್ಲ. ಇಬ್ಬರು ಸೇನಾಪತಿಗಳು ಖಾಲಿ ಬಟ್ಟೆ ನೋಡುತ್ತ ಕೂತರು. ದರ್ಜಿ ಹೊಟ್ಟೆ ಹಿಡಿದು ನಕ್ಕು, ಹಾಳೆಯನ್ನು ಗಿರಾಕಿಗಳ ಅಳತೆ ಚೀಟಿಗಳ ಪಕ್ಕ ಗೋಡೆಗೆ ಚುಚ್ಚಿದ.

ಭಾಮೈದ ಬೆಂಕಿಪೊಟ್ಟಣ ಜೋಡಿಸುತ್ತ ಗೊಣಗಿದ. "ಇನ್ನೊಂದು ಆಟ ಆಗ್ಲಿ. ಆದ್ರೆ ಭಾವ, ಐದು ದಂಡಿಗೆ ಎಷ್ಟು ಮೂಟೆ ಕಟ್ಬೇಕು?"

ತಕ್ಕಡಿ ಸ್ಟೂಲು ಎಳೆದುಕೊಂಡ. "ಎಷ್ಟು ದೂರ ನಡೆಸ್ತೀಯ, ಅದನ್ನ ಮೊದಲು ಬೊಗಳು."