ಚಕ್ಕಡಿ ಏರಿ ಬಂದ ಸೈನ್ಯ

ಬಾದಾಮಿಯ ಗದ್ದುಗೆಗಾಗಿ ಚಿಕ್ಕಪ್ಪನೂ ಅಣ್ಣನ ಮಗನೂ ಕಾದಾಡಿದ ಕಥೆ ನಮ್ಮ ಕಡೆ ಸಾಲಿ ಮಕ್ಕಳಿಗೂ ಗೊತ್ತು. ಅಣ್ಣನ ಮಗ ಗೆದ್ದ, ಚಿಕ್ಕಪ್ಪ ಸತ್ತ. ಗೆದ್ದವನ ಆಸ್ಥಾನದ ಕವಿ ಐಹೊಳೆಯ ಗುಡಿಯಲ್ಲಿ ಅದನ್ನು ಶಾಸನ ಮಾಡಿಟ್ಟ. ಸತ್ತವನ ಕಡೆಯವರು ಏನೆಂದರೋ ಯಾರಿಗೂ ತಿಳಿಯದು. ಸೈನ್ಯ ಯಾವ ದಾರಿ ಹಿಡಿದು ಬಂತು, ಮೊದಲ ಪೆಟ್ಟು ಎಲ್ಲಿ ಬಿತ್ತು ಎಂಬುದು ಕವಿಗೆ ಬೇಕಾಗಿರಲಿಲ್ಲ. ಬೇಕಾಗಿದ್ದುದು ಹುನಗುಂದದ ಹತ್ತಿರದ ಒಬ್ಬ ಕನ್ನಡ ಸಾಲಿ ಮಾಸ್ತರರಿಗೆ.

ಎಪ್ಪತ್ತರ ದಶಕದ ಕೊನೆಗೆ ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿ ನೌಕರಿ ಇಲ್ಲದೆ ತಿರುಗುತ್ತಿದ್ದೆ. ಮಾಸ್ತರರು ನನ್ನನ್ನು ಮನೆಯಲ್ಲಿ ಇಟ್ಟುಕೊಂಡು ರೊಟ್ಟಿ ಹಾಕಿದರು, ಹಳಗನ್ನಡದ ಅಕ್ಷರ ಓದಲು ಕಲಿಸಿದರು. ರವಿವಾರ ಬಂತೆಂದರೆ ಇಬ್ಬರೂ ಹಳ್ಳಿ ಹಳ್ಳಿ ಅಲೆದು ವೀರಗಲ್ಲು ಹುಡುಕುತ್ತಿದ್ದೆವು. ಕಲ್ಲು ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಶ್ಶಿನಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆಯುವುದು. ಕಾಳಗದಲ್ಲಿ ಸತ್ತವನಿಗೆ ಸತ್ತ ಕಡೆಯೇ ಕಲ್ಲು ನಿಲ್ಲಿಸುತ್ತಾರೆ, ಆದ್ದರಿಂದ ಕಲ್ಲು ಇದ್ದಲ್ಲಿ ಕಾಳಗ ಆಗಿದೆ ಎಂಬುದು ಅವರ ಲೆಕ್ಕ. ನಕ್ಷೆಯ ಮೇಲೆ ಕೆಂಪು ಶಾಯಿಯ ಚುಕ್ಕಿ ಇಡುತ್ತ, ಚುಕ್ಕಿಗಳನ್ನು ಕೂಡಿಸಿ ಸೈನ್ಯದ ದಾರಿ ಎಳೆಯುತ್ತಿದ್ದರು. ಆ ನಕ್ಷೆ ಒಮ್ಮೆ ಛಾಪಾಗಬೇಕು, ಕೆಳಗೆ ತಮ್ಮ ಹೆಸರಿರಬೇಕು. ಇದೊಂದನ್ನು ಬಿಟ್ಟು ಆ ಮನುಷ್ಯ ದೇವರನ್ನೂ ಏನೂ ಬೇಡಿದವರಲ್ಲ.

ಇಡೀ ನಕ್ಷೆ ನಿಂತಿದ್ದುದು ಗುಡೂರಿನ ಕಡೆಯ ಒಂದು ಕಲ್ಲಿನ ಮೇಲೆ. ಉಳಿದವುಗಳ ಅಕ್ಷರ ಸವೆದಿತ್ತು, ಸರಿಯಾಗಿ ಓದಲು ಬರುತ್ತಿದ್ದುದು ಇದೊಂದೇ. ಬೀರಪ್ಪ ದೇವರ ಒಕ್ಕಲಿನ ಒಂದು ಮನೆಯವರು ಅದನ್ನು ಹಿತ್ತಲಲ್ಲಿ ಎಣ್ಣೆ, ಭಂಡಾರದ ಅರಿಸಿನ ಹಚ್ಚಿ ಪೂಜಿಸುತ್ತಿದ್ದರು. ಮಾಸ್ತರರು ಹಿತ್ತಲಲ್ಲಿ ಕಾಗದ ಬಡಿಯುತ್ತಿದ್ದಾಗ, ಪಡಸಾಲೆಯಲ್ಲಿ ನನಗೆ ಚಹಾ ಕೊಟ್ಟ ಮುದುಕಿ ತಾನಾಗಿಯೇ ಹೇಳಿದಳು:

“ನಮ್ಮ ಮಾವನೋರು ಕೃಷ್ಣಾ ಹೊಳಿ ಆಚಿಂದ ಚಕ್ಕಡ್ಯಾಗ ಹೇರ್ಕೊಂಡು ತಂದಾರ್ರಿ ಅದನ್ನ. ಊರು ಬಿಟ್ಟು ಬರೂವಾಗ ದೇವರನ್ನ ಬಿಟ್ಟು ಬರಾಕ ಆಕ್ಕೈತೇನ್ರಿ?”

ನನಗೆ ಥಟ್ಟನೆ ಹೊಳೆಯಿತು. ಈ ಮಂದಿ ಊರು ಬಿಟ್ಟರೆ ಅವರ ಕಲ್ಲೂ ಎತ್ತಿನ ಗಾಡಿ ಏರಿ ಊರು ಬಿಡುತ್ತದೆ. ಅಂದ ಮೇಲೆ ಗುಡೂರಿನ ಚುಕ್ಕಿ ಸುಳ್ಳು, ಚುಕ್ಕಿ ಸುಳ್ಳಾದರೆ ದಾರಿಯೂ ಸುಳ್ಳು. ಮಾಸ್ತರರು ಮಸಿಗೈ ಒರೆಸಿಕೊಳ್ಳುತ್ತ ಖುಷಿಯಿಂದ ಒಳಗೆ ಬಂದರು. ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಊರಿಗೆ ಮರಳುವ ಬಸ್ಸಿನಲ್ಲಿ ಅವರು ನನ್ನ ಹೆಗಲ ಮೇಲೆ ತಲೆಯಿಟ್ಟು ಮಲಗಿದ್ದರು. ಆಗಲೂ ಹೇಳಲಿಲ್ಲ. ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾಲ್ಕು ತಿಂಗಳು ಅವರ ಮನೆಯ ರೊಟ್ಟಿ ತಿಂದೆ.

ಬಾಗಲಕೋಟೆಯ ಕಾಲೇಜೊಂದರಲ್ಲಿ ವಿಚಾರ ಸಂಕಿರಣ ನಡೆಯಿತು. ಅಲ್ಲಿ ಒಂದು ಲೆಕ್ಚರರ್ ಜಾಗ ಖಾಲಿ ಇತ್ತು, ಅದನ್ನು ತುಂಬುವವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಮಾಸ್ತರರು ಇಸ್ತ್ರಿ ಮಾಡಿದ ಧೋತರ ಉಟ್ಟು, ಗೋಡೆಗೆ ನಕ್ಷೆ ತೂಗುಹಾಕಿ, ತಮ್ಮ ಪ್ರಬಂಧ ಓದಿ ಮುಗಿಸಿದರು. ಪ್ರಶ್ನೆ ಇದ್ದವರು ಕೇಳಬಹುದು ಅಂದರು ಅಧ್ಯಕ್ಷರು. ನಾನು ಎದ್ದು ನಿಂತೆ. ಮಾಸ್ತರರ ಮುಖ ಅರಳಿತು. ಶಿಷ್ಯ ಒಂದು ಒಳ್ಳೆಯ ಮಾತಾಡುತ್ತಾನೆ ಅಂದುಕೊಂಡಿರಬೇಕು.

ಮುದುಕಿಯ ಮಾತನ್ನು ಪೂರ್ತಿ ಹೇಳಿದೆ. “ಕಲ್ಲು ಸಿಕ್ಕ ಜಾಗಕ್ಕೂ ಕಲ್ಲು ನಿಂತಿದ್ದ ಜಾಗಕ್ಕೂ ವ್ಯತ್ಯಾಸ ತಿಳಿಯದವರು ಯುದ್ಧದ ನಕ್ಷೆ ಬರೆಯಬಾರದು. ಮಾಸ್ತರರ ಸೈನ್ಯ ಚಕ್ಕಡಿ ಏರಿ ಬಂದಿದೆ” ಅಂದೆ. ಸಭೆ ಘೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಹೇಳಿದ್ದು ಖರೆಯೇ. ಖರೆ ಇದ್ದುದಕ್ಕೇ ಅದು ಅಷ್ಟು ಆಳಕ್ಕೆ ಇಳಿಯಿತು.

ಗುರುವಿಗೇ ತಿರುಮಂತ್ರ ಹಾಕಿದವನಿಗೆ ನೌಕರಿ ಸಿಕ್ಕಿತು. ಮಾಸ್ತರರು ಬೈಯಲಿಲ್ಲ, ಅತ್ತುಕೊಳ್ಳಲಿಲ್ಲ. ಮತ್ತೆ ಚೀಲ ಹೆಗಲಿಗೇರಿಸಿ ಒಬ್ಬರೇ ಹೊರಟರು. ಈ ಸಲ ಪ್ರತಿ ಕಲ್ಲಿನ ಹತ್ತಿರ ಮೊದಲು ಮುದುಕರನ್ನು ಹಿಡಿದು, ಇದು ಎಲ್ಲಿಂದ ಬಂತು, ಯಾರು ತಂದರು ಎಂದು ಕೇಳಿ ಬರೆದುಕೊಂಡರು. ಎರಡು ವರ್ಷದ ನಂತರ ಹೊಸ ನಕ್ಷೆ ತಂದು ನನ್ನ ಮೇಜಿನ ಮೇಲೆ ಹರವಿದರು. ಜಾಗ ಬಿಡದ ಕಲ್ಲುಗಳಷ್ಟೇ ಅದರಲ್ಲಿ ಉಳಿದಿದ್ದವು. ದಾರಿ ಬೇರೆಯೇ ಆಗಿತ್ತು, ಗಟ್ಟಿಯಾಗಿತ್ತು. ನನಗೆ ಹೊಟ್ಟೆಯುರಿ ಆಯಿತು.

“ನನ್ನ ಮಾತು ಇನ್ನ ಯಾರು ಕೇಳ್ತಾರೋ ತಮ್ಮಾ? ನೀನ ಛಾಪಿಸು. ಕೆಳಗ ಸಣ್ಣ ಅಕ್ಷರದಾಗ ನನ್ನ ಹೆಸರು ಇದ್ರ ಸಾಕು” ಅಂದರು.

ಇತಿಹಾಸದ ಒಂದು ಪತ್ರಿಕೆಯಲ್ಲಿ ಲೇಖನ ಮಾಡಿ ಛಾಪಿಸಿದೆ. ಹೆಸರು ಹಾಕಲಿಲ್ಲ. ನಗೆಗೀಡಾದವರ ಹೆಸರು ಹಾಕಿದರೆ ಪಂಡಿತರು ನಂಬುವುದಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಎಲ್ಲವೂ ನನ್ನದೇ ಆಗಲಿ ಅನ್ನಿಸಿತ್ತು, ಅಷ್ಟೇ.

ಲೇಖನಕ್ಕೆ ಹೊಗಳಿಕೆ ಬಂತು. ಕೆಲ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮಾಸ್ತರರು ಗೋಡೆ ಹಿಡಿದುಕೊಂಡು ನಡೆಯುತ್ತ ನನ್ನ ಕೋಣೆಗೆ ಬಂದರು. ಮೇಜಿನ ಮೇಲಿದ್ದ ಆ ಪತ್ರಿಕೆ ಎತ್ತಿ ಅವರ ಕೈಗೆ ಕೊಟ್ಟೆ, ಕೊಡದೆ ಇರಲು ಆಗಲಿಲ್ಲ. ನಕ್ಷೆಯ ಹಾಳೆಯ ಮೇಲೆ ಬೆರಳಾಡಿಸಿದರು.

“ಕಣ್ಣಾಗ ಪೊರಿ ಬಂದೈತಿ, ಅಕ್ಷರ ಕಾಣವಲ್ಲವು. ನನ್ನ ಹೆಸರು ಎಲ್ಲೈತಿ, ನೀನ ಓದಿ ಹೇಳು.”

ಓದಿದೆ. ‘ಈ ನಕ್ಷೆ ನನ್ನದಲ್ಲ, ನನಗೆ ಅನ್ನ ಮತ್ತು ಅಕ್ಷರ ಎರಡನ್ನೂ ಕೊಟ್ಟ ಗುರುಗಳದು’ ಎಂದು, ಅವರ ಹೆಸರನ್ನೂ ಊರನ್ನೂ ಸೇರಿಸಿ, ಅಲ್ಲಿ ಇಲ್ಲದ ಸಾಲನ್ನು ಗಟ್ಟಿಯಾಗಿ ಓದಿದೆ. ಇನ್ನೊಮ್ಮೆ ಓದು ಅಂದರು. ಮತ್ತೊಮ್ಮೆ ಓದಿದೆ, ಒಂದು ಶಬ್ದವೂ ಹೆಚ್ಚುಕಡಿಮೆ ಆಗದಂತೆ.

ಅವರು ಪತ್ರಿಕೆಯನ್ನು ಚೀಲದಲ್ಲಿಟ್ಟುಕೊಂಡು ಎದ್ದರು.

“ಮನ್ಯಾಗ ಮೊಮ್ಮಗಳು ಭಾಳ ಚಂದ ಓದ್ತಾಳ. ಓಣಿ ಮಂದಿನ್ನೆಲ್ಲಾ ಕೂಡಿಸಿ ಆಕಿ ಕಡಿಂದ ಓದಿಸ್ತೇನಿ.”

ಬಸ್ ಸ್ಟ್ಯಾಂಡಿನ ತನಕ ಕೈಹಿಡಿದು ಕರೆದೊಯ್ದು, ಹುನಗುಂದದ ಬಸ್ಸಿಗೆ ಅವರನ್ನು ನಾನೇ ಹತ್ತಿಸಿದೆ.